ಅಭಿಮನ್ಯುವಿಗಿಂತ ಹಗುರವಾದ ಭಾಷೆ

ಮೈಸೂರು ದಸರೆಯಲ್ಲಿ 750 ಕಿಲೋ ಅಂಬಾರಿ ಹೊತ್ತು ನಡೆಯುವ ಆನೆ ಅಭಿಮನ್ಯುವಿನ ಬಿಡಾರ ಕೊಡಗಿನ ತಿತಿಮತಿ ಬಳಿಯ ಮತ್ತಿಗೋಡು ಶಿಬಿರ. ಅವನ ತೂಕ 5,000 ಕಿಲೋ ದಾಟಿದೆ. ಈಗ ಒಂದು ದೈತ್ಯ ತಕ್ಕಡಿ ಕಟ್ಟಿ, ಒಂದು ತಟ್ಟೆಯಲ್ಲಿ ಅವನನ್ನು ನಿಲ್ಲಿಸೋಣ. ಇನ್ನೊಂದು ತಟ್ಟೆಗೆ ಒಂದು ಇಡೀ ಭಾಷೆಯನ್ನು ಹತ್ತಿಸೋಣ. ನಿಘಂಟು, ವ್ಯಾಕರಣ ಯಾವುದೂ ಬೇಡ. ಆ ಭಾಷೆಯನ್ನು ಆಡುವ ಜನ, ಒಬ್ಬರೂ ಬಿಡದಂತೆ, ಮುದುಕರಿಂದ ಹಿಡಿದು ಕಿರಿಯರವರೆಗೆ.

ಭಾಷೆಯ ಹೆಸರು ತಾಯಪ್. ಪಪುವಾ ನ್ಯೂಗಿನಿಯ ಗಾಪುನ್ ಎಂಬ ಹಳ್ಳಿಯಲ್ಲಿ ಮಾತ್ರ ಉಳಿದಿದೆ. ಆ ಹಳ್ಳಿಯ ಜನಸಂಖ್ಯೆಯೇ ಸುಮಾರು 200. ಡಾನ್ ಕುಲಿಕ್ ಎಂಬ ಮಾನವಶಾಸ್ತ್ರಜ್ಞ 1980ರ ದಶಕದಿಂದ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಉಳಿದು, 2019ರಲ್ಲಿ ಪುಸ್ತಕ ಬರೆಯುವ ಹೊತ್ತಿಗೆ ತಾಯಪ್ ಬಲ್ಲವರು 50ಕ್ಕೂ ಕಡಿಮೆ. ಇರಲಿ, 50 ಎಂದೇ ಹಿಡಿಯೋಣ. ತಲೆಗೆ 50 ಕಿಲೋ ಎಂದರೆ ಒಟ್ಟು 2,500 ಕಿಲೋ. ತಕ್ಕಡಿಯ ಮುಳ್ಳು ಅಲುಗುವುದೂ ಇಲ್ಲ. ಅಭಿಮನ್ಯು ನಿಂತಲ್ಲೇ ನಿಂತಿದ್ದಾನೆ. ಅತ್ತ ಇಡೀ ಭಾಷೆ, ಅದರ ಕ್ರಿಯಾಪದಗಳು, ಬೈಗುಳಗಳು, ಜೋಗುಳಗಳು ಎಲ್ಲವೂ ಸೇರಿ ಮೇಲಕ್ಕೆ ತೇಲಿವೆ. ಅವನೊಬ್ಬನನ್ನು ಸರಿದೂಗಿಸಲು ಅಂಥ ಎರಡು ಭಾಷೆ ಬೇಕು.

ಕೊಡಗಿನವರಿಗೆ ತಕ್ಕಡಿಗಿಂತ ಹಾಕಿ ಮೈದಾನವೇ ಹತ್ತಿರ. ಸರಿ, ಈ 50 ಜನ ಕೈ ಕೈ ಹಿಡಿದು ಸಾಲಾಗಿ ನಿಲ್ಲಲಿ. ಒಬ್ಬೊಬ್ಬರಿಗೆ ಒಂದೂವರೆ ಮೀಟರ್ ಕೊಟ್ಟರೂ ಸಾಲು 75 ಮೀಟರಿಗೆ ಮುಗಿಯುತ್ತದೆ. ಹಾಕಿ ಮೈದಾನದ ಉದ್ದ 91.4 ಮೀಟರ್. ಒಂದು ಗೋಲ್ ಕಂಬದಿಂದ ಹೊರಟ ಭಾಷೆ ಎದುರಿನ ಗೋಲ್ ಮುಟ್ಟುವುದಿಲ್ಲ. ಹನ್ನೊಂದು ಹನ್ನೊಂದು ಜನರ ತಂಡ ಕಟ್ಟಿದರೆ ನಾಲ್ಕು ತಂಡ ಆಗಿ ಆರು ಜನ ಉಳಿಯುತ್ತಾರೆ. ಒಂದು ಭಾಷೆ, ಎರಡು ಸೆಮಿಫೈನಲ್, ಒಂದು ಫೈನಲ್. ಪಂದ್ಯಾವಳಿ ಮುಗಿಯಿತು!

ಇದೇನು ಅಪರೂಪದ ಭಾಷೆಯ ಕಥೆ ಅಂದುಕೊಳ್ಳಬೇಡಿ. ಅದೇ ದೇಶದ ದಕ್ಷಿಣದಲ್ಲಿ ರೋಕು ಮತ್ತು ಅದರ ಸುತ್ತಲಿನ ಹಳ್ಳಿಗಳಿವೆ. ಅಲ್ಲಿ ಕೊಮ್ನ್‌ಜೊ ಎಂಬ ಭಾಷೆ. ಆಡುವವರು ಸುಮಾರು 250. ಅಭಿಮನ್ಯುವಿನಂಥ ಎರಡೂವರೆ ಆನೆಯ ತೂಕ, ಅಷ್ಟೆ. ನಮ್ಮೂರಿನ ಒಂದು ಮದುವೆಯ ಒಂದೇ ಪಂಕ್ತಿಗೆ ಎಲ್ಲರನ್ನೂ ಕೂರಿಸಬಹುದು. ಅಷ್ಟು ಜನ ಆಡುವ ಭಾಷೆಯಲ್ಲಿ ಎಣಿಕೆ ಎಲ್ಲಿಯವರೆಗೆ ಹೋದೀತು? ಹತ್ತು? ಇಪ್ಪತ್ತು? ಇಲ್ಲಿ ನನಗೆ ಕುರ್ಚಿಯಿಂದ ಎದ್ದು ನಿಲ್ಲಬೇಕೆನಿಸಿತು. ಕೊಮ್ನ್‌ಜೊದಲ್ಲಿ 46,656ಕ್ಕೆ ಒಂದು ಪದವಿದೆ. ಒಂದೇ ಪದ, ಒಂದೇ ಉಸಿರು: 'ವಿ'.

ಅವರದು ಆರರ ಲೆಕ್ಕ. ಆರಕ್ಕೆ ಒಂದು ಪದ. ಆರಾರಲ 36ಕ್ಕೆ ಒಂದು. 216ಕ್ಕೆ ಒಂದು, 1,296ಕ್ಕೆ ಒಂದು, 7,776ಕ್ಕೆ ಒಂದು, ಕೊನೆಗೆ 46,656. ನಾವು ಹತ್ತು, ನೂರು, ಸಾವಿರ ಎಂದು ಮೆಟ್ಟಿಲು ಹತ್ತುವ ಹಾಗೆ ಅವರು ಆರರಿಂದ ಆರಕ್ಕೆ ಜಿಗಿಯುತ್ತಾರೆ. ಎಣಿಸುವುದು ಗೆಣಸನ್ನು, ಕಾಡುಗೆಣಸಿನ ಜಾತಿಯ ದೊಡ್ಡ ದೊಡ್ಡ ಗೆಣಸು. ಇಬ್ಬರು ಗಂಡಸರು ಬಂದು ತಲಾ ಮೂರು ಮೂರು ಗೆಣಸು ಎತ್ತಿ ಇಡುತ್ತಾರೆ, ಆರು ಆಯಿತು. ಹೀಗೆ 7,776 ಸಲ ಬಗ್ಗಿ ಎದ್ದರೆ ಒಂದು 'ವಿ' ತುಂಬುತ್ತದೆ. ಸೆಕೆಂಡಿಗೆ ಒಂದು ಗೆಣಸಿನಂತೆ ನಾವು ಎಣಿಸುತ್ತ ಕೂತರೆ 13 ಗಂಟೆಗೆ ಎರಡೂವರೆ ನಿಮಿಷ ಕಡಿಮೆ: ಬೆಳಿಗ್ಗೆ ಆರಕ್ಕೆ ಶುರು ಮಾಡಿ ಮಧ್ಯಾಹ್ನದ ಊಟ ಬಿಟ್ಟರೂ ರಾತ್ರಿ ಏಳರ ತನಕ ಬಿಡುವಿಲ್ಲ. ಗೆಣಸೊಂದಕ್ಕೆ ಒಂದು ಕಿಲೋ ಎಂದರೆ ಒಂಬತ್ತು ಅಭಿಮನ್ಯುಗಳಷ್ಟು ಗೆಣಸು. ಭಾಷೆ ಆಡುವವರ ತೂಕ ಎರಡೂವರೆ ಆನೆ, ಅವರ ಒಂದು ಪದದಲ್ಲಿ ಹಿಡಿಯುವ ಗೆಣಸಿನ ತೂಕ ಒಂಬತ್ತು ಆನೆ! ಅಲ್ಲಿನ ಪ್ರತಿಯೊಬ್ಬರಿಗೂ ಹಂಚಿದರೆ ತಲೆಗೆ 186 ಗೆಣಸು ಬಂದು ಇನ್ನೂ 156 ಮಿಗುತ್ತವೆ.

ಈಗ ದೇಶವನ್ನೇ ಎಣಿಸೋಣ. ಪಪುವಾ ನ್ಯೂಗಿನಿಯ ವಿಸ್ತೀರ್ಣ 4,62,840 ಚದರ ಕಿಲೋಮೀಟರ್, ಅಂದರೆ ಸುಮಾರು ಎರಡೂವರೆ ಕರ್ನಾಟಕ. ಜನ ಒಂದು ಕೋಟಿಯ ಆಸುಪಾಸು, ಬೆಂಗಳೂರಿಗಿಂತ ಕಡಿಮೆ. ಭಾಷೆಗಳು? ಸುಮಾರು 840. ದಿನಕ್ಕೊಂದು ಭಾಷೆಯಲ್ಲಿ 'ಊಟ ಆಯಿತಾ' ಎಂದು ಕೇಳುವುದನ್ನು ಕಲಿಯುತ್ತ ಹೋದರೆ ಈ ಯುಗಾದಿಗೆ ಹಿಡಿದ ಕೆಲಸ ಮುಂದಿನ ಯುಗಾದಿ ಕಳೆದು, ಅದರ ಮುಂದಿನದೂ ಕಳೆದು, ಮತ್ತೆ ಮೂರು ತಿಂಗಳಿಗೂ ಮುಗಿದಿರುವುದಿಲ್ಲ. ಭೂಮಿಯ ಒಣನೆಲವನ್ನು 320 ತುಂಡು ಮಾಡಿದರೆ ಈ ದೇಶ ಅದರಲ್ಲಿ ಒಂದು ತುಂಡು. ಜಗತ್ತಿನ ಸುಮಾರು 7,000 ಭಾಷೆಗಳನ್ನು ಎಂಟು ರಾಶಿ ಹಾಕಿದರೆ ಹೆಚ್ಚುಕಡಿಮೆ ಒಂದು ಇಡೀ ರಾಶಿ ಆ ತುಂಡಿನೊಳಗಿದೆ.

ತಲೆಗಳ ಲೆಕ್ಕ ಇನ್ನೂ ವಿಚಿತ್ರ. ಒಂದು ಕೋಟಿ ಜನಕ್ಕೆ 840 ಭಾಷೆ ಅಂದರೆ ಸರಾಸರಿ 11,900 ಜನಕ್ಕೆ ಒಂದು. ಅದೇ ದರದಲ್ಲಿ 2011ರ 5,54,519 ಜನರ ಕೊಡಗಿನಲ್ಲಿ 46 ಭಾಷೆ ಇರಬೇಕಿತ್ತು. 140 ಕೋಟಿಯ ಭಾರತದಲ್ಲಿ 1,17,000ಕ್ಕೂ ಹೆಚ್ಚು ಭಾಷೆ ಇರಬೇಕಿತ್ತು. ನೋಟಿನ ಮೇಲೆ ಅಷ್ಟೂ ಭಾಷೆಯಲ್ಲಿ ಬೆಲೆ ಅಚ್ಚು ಹಾಕಲು ನೋಟು ಎಷ್ಟು ಅಗಲ ಇರಬೇಕಿತ್ತೋ! 800 ಕೋಟಿಯ ಭೂಮಿಯಲ್ಲಿ 6.7 ಲಕ್ಷ ಭಾಷೆ. ಇರುವುದು 7,000.

ಇಲ್ಲಿಯವರೆಗೆ ಬಂದಾಗ ಪಪುವಾದ ಮುಂದೆ ಯಾರೂ ನಿಲ್ಲಲಾರರು ಅಂದುಕೊಂಡಿದ್ದೆ. ಆಮೇಲೆ ತಲೆಗಳ ಬದಲು ನೆಲದ ಲೆಕ್ಕ ಹಾಕಿದೆ. 4,62,840 ಚದರ ಕಿಲೋಮೀಟರಿಗೆ 840 ಭಾಷೆ ಎಂದರೆ ಒಂದು ಭಾಷೆಗೆ ಸರಾಸರಿ 551 ಚದರ ಕಿಲೋಮೀಟರ್. ಜಗತ್ತಿನ ಅತ್ಯಂತ ಇಕ್ಕಟ್ಟಾದ ಭಾಷಾ ನೆಲಗಳಲ್ಲೊಂದು. ಕೊಡಗಿನ ವಿಸ್ತೀರ್ಣ 4,102. ಭಾಗಿಸಿದರೆ ಏಳೂವರೆ ಭಾಷೆಗೆ ಜಾಗ. ಕೊಡಗಿನಲ್ಲಿ ಎಷ್ಟಿವೆ? ಬೆರಳು ಮಡಚಿದೆ. ಕೊಡವ ತಕ್ಕ್. ಗೌಡರ ಅರೆಭಾಷೆ, ಹೆಸರಿನಲ್ಲೇ ಭಿನ್ನರಾಶಿ ಹೊತ್ತ ಭಾಷೆ ನನಗೆ ತಿಳಿದಂತೆ ಇನ್ನೊಂದಿಲ್ಲ. ಜೇನು ಕುರುಬರ ಮಾತು. ಬೆಟ್ಟ ಕುರುಬರ ಮಾತು. ಯರವರ ಮಾತು. ಕನ್ನಡ. ತುಳು. ಮಲಯಾಳ. ಎಂಟು! 4,102ನ್ನು ಎಂಟರಿಂದ ಭಾಗಿಸಿದರೆ ಒಂದು ಭಾಷೆಗೆ 513 ಚದರ ಕಿಲೋಮೀಟರ್. ಪಪುವಾಕ್ಕೆ 551. ಕೊಡಗು ಗೆದ್ದಿತು, 38 ಚದರ ಕಿಲೋಮೀಟರ್ ಅಂತರದಲ್ಲಿ.

ಇನ್ನೂ ಬ್ಯಾರಿ, ಕೊಂಕಣಿ, ತಮಿಳು, ಉರ್ದುಗಳನ್ನು ಎಣಿಸಿಯೇ ಇಲ್ಲ. ಎಣಿಸಿದರೆ 12, ಒಂದೊಂದಕ್ಕೆ 342 ಚದರ ಕಿಲೋಮೀಟರ್. ಕುಶಾಲನಗರದ ಸಂತೆಯಲ್ಲಿ ಕಾವೇರಿಯ ಆಚೆಯ ಬೈಲುಕುಪ್ಪೆಯಿಂದ ಬಂದವರ ಟಿಬೆಟನ್ ಕಿವಿಗೆ ಬಿದ್ದರೆ ಹದಿಮೂರು. ಅದು 1961ರಿಂದ ಇಲ್ಲಿನ ಗಾಳಿಯಲ್ಲಿದೆ. ಒಂದೇ ತರಕಾರಿ ರಾಶಿಯ ಮುಂದೆ ನಿಂತು ಒಂದು ದೇಶಕ್ಕಾಗುವಷ್ಟು ಭಾಷೆಯಲ್ಲಿ ಚೌಕಾಸಿ ಕೇಳಬಹುದು.

ಗೆಲುವನ್ನು ತುಸು ತಗ್ಗಿಸಿ ಹೇಳುವುದು ನ್ಯಾಯ. ಅರೆಭಾಷೆಯನ್ನು ಭಾಷಾಶಾಸ್ತ್ರಜ್ಞರು ಕನ್ನಡದ ಬಳಗಕ್ಕೆ ಸೇರಿಸುತ್ತಾರೆ. ಆದರೂ ಅದಕ್ಕೆ 2011ರಿಂದ ತನ್ನದೇ ಅಕಾಡೆಮಿ ಇದೆ, ಆಡುವವರ ಮನಸ್ಸಿನಲ್ಲಿ ಅದು ಪೂರ್ಣ ಭಾಷೆ, ನಾನು ಅವರ ಪಕ್ಷ. ನಿಜವಾದ ವ್ಯತ್ಯಾಸ ಬೇರೆಯೇ. ನಮ್ಮ ಎಂಟೂ ದ್ರಾವಿಡ ಕುಟುಂಬದ ಅಕ್ಕತಂಗಿಯರು. ಪಪುವಾದಲ್ಲಿ ಹಾಗಲ್ಲ. 'ಪಪುವನ್' ಎನ್ನುವುದು ಕುಟುಂಬದ ಹೆಸರಲ್ಲ, ಒಂದು ಚೀಲದ ಹೆಸರು; ಅದರೊಳಗೆ ಒಂದಕ್ಕೊಂದು ಸಂಬಂಧವೇ ಕಾಣದ ಡಜನುಗಟ್ಟಲೆ ಕುಟುಂಬಗಳಿವೆ. ತಾಯಪ್ಪಿಗಂತೂ ಜಗತ್ತಿನಲ್ಲಿ ಒಬ್ಬ ನೆಂಟನೂ ಸಿಕ್ಕಿಲ್ಲ. 7,000 ಭಾಷೆಗಳ ಮದುವೆ ಮನೆಗೆ ಬಂದು ಯಾರ ಕಡೆಯವರೆಂದು ಹೇಳಲಾಗದೆ ನಿಂತ ಅತಿಥಿ ಅದು.

ಈಗ ಕೊಡವ ತಕ್ಕನ್ನೇ ತಕ್ಕಡಿಗೆ ಹತ್ತಿಸೋಣ. 2011ರ ಜನಗಣತಿಯಲ್ಲಿ ತಮ್ಮ ಮಾತೃಭಾಷೆ ಕೊಡವ ತಕ್ಕ್ ಎಂದು ಬರೆಸಿದವರು 1,13,857. ಗಾಪುನ್‌ನ ಲೆಕ್ಕದಲ್ಲಿ ಇದು 2,277 ತಾಯಪ್‌ಗಳು. ತೂಕ 1,139 ಅಭಿಮನ್ಯುಗಳು. 2023ರ ಗಣತಿಯಲ್ಲಿ ಕರ್ನಾಟಕದ ಕಾಡಾನೆಗಳು 6,395; ಎಲ್ಲ ಅಭಿಮನ್ಯುವಿನಂಥ ಸಲಗಗಳಲ್ಲದಿದ್ದರೂ ನಮ್ಮ ಕಾಡು ಈ ತಟ್ಟೆಯನ್ನು ಸುಲಭವಾಗಿ ತೂಗೀತು. ಕನ್ನಡವನ್ನು ಮಾತ್ರ ತೂಗಲಾರದು. 4,37,06,512 ಕನ್ನಡಿಗರಿಗೆ 4.37 ಲಕ್ಷ ಅಭಿಮನ್ಯುಗಳು ಬೇಕು. ಏಷ್ಯಾದ ಆನೆಗಳನ್ನೆಲ್ಲ ಕರೆತಂದರೂ ಸುಮಾರು 50,000.

ಅಹಮದಾಬಾದಿನ ಕ್ರಿಕೆಟ್ ಕ್ರೀಡಾಂಗಣದಲ್ಲಿ 1,32,000 ಆಸನಗಳಿವೆ. ಕೊಡವ ತಕ್ಕ್ ಆಡುವ ಪ್ರತಿಯೊಬ್ಬರನ್ನೂ, ಹಾಲು ಕುಡಿಯುವ ಕೂಸನ್ನೂ ಸೇರಿಸಿ, ಅಲ್ಲಿ ಕೂರಿಸಿ. ಇನ್ನೂ 18,143 ಕುರ್ಚಿ ಖಾಲಿ. ಒಂದು ಭಾಷೆ ಒಂದು ಕ್ರೀಡಾಂಗಣದಲ್ಲಿ ಹಿಡಿಸುತ್ತದೆ, ಸಂಜೆಯ ಚಹಾಕ್ಕೆ ಎದ್ದು ಓಡಾಡಲು ಜಾಗವೂ ಉಳಿಯುತ್ತದೆ. ಕೈ ಕೈ ಹಿಡಿದು ನಿಂತರೆ ಸಾಲು 170 ಕಿಲೋಮೀಟರ್: ಮಡಿಕೇರಿಯಿಂದ ಹೊರಟು, ಕುಶಾಲನಗರ, ಹುಣಸೂರು, ಮೈಸೂರು ದಾಟಿ, ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ನಿಲ್ಲುತ್ತದೆ. ಬೆಂಗಳೂರು ಮುಟ್ಟುವುದಿಲ್ಲ. ಕನ್ನಡಿಗರ ಸಾಲು? 65,560 ಕಿಲೋಮೀಟರ್. ಭೂಮಿಯನ್ನು ಒಂದೂವರೆ ಸುತ್ತು ಸುತ್ತಿ ಇನ್ನೂ 5,400 ಕಿಲೋಮೀಟರಿನಷ್ಟು ಜನ ಉಳಿಯುತ್ತಾರೆ.

ಆದರೆ ಸಣ್ಣದು ಎಂದರೆ ಎಲ್ಲದರಲ್ಲೂ ಸಣ್ಣದೇ? ಬಾಯಿ ತೆರೆಸಿ ನೋಡಬೇಕು. ಪಪುವಾ ನ್ಯೂಗಿನಿಗೆ ಸೇರಿದ ಬೂಗನ್‌ವಿಲ್ ದ್ವೀಪದಲ್ಲಿ ರೊಟೊಕಾಸ್ ಎಂಬ ಭಾಷೆ ಇದೆ. ಸುಮಾರು 4,000 ಜನ ಆಡುತ್ತಾರೆ. ಅದರ ಇಡೀ ವರ್ಣಮಾಲೆ 12 ಅಕ್ಷರ. ಸ್ವರ, ವ್ಯಂಜನ ಎಲ್ಲ ಸೇರಿ 12! ನಮ್ಮ ಮಗು ಕಲಿಯುವ 49 ಅಕ್ಷರದಲ್ಲಿ ನಾಲ್ಕು ರೊಟೊಕಾಸ್ ಹಿಡಿಸುತ್ತವೆ. ಕೊಡವ ತಕ್ಕಿನಲ್ಲಿ ಸ್ವರಗಳೇ 14. ಕನ್ನಡದ ಅ, ಇ, ಉ, ಎ, ಒ ಐದರ ಜೊತೆಗೆ ನಾಲಿಗೆಯ ನಡುವಿನಲ್ಲಿ ಹುಟ್ಟುವ ಇನ್ನೆರಡು; ಏಳೂ ಹ್ರಸ್ವ, ಏಳೂ ದೀರ್ಘ. ಒಂದು ವ್ಯಂಜನವನ್ನೂ ಮುಟ್ಟುವ ಮೊದಲೇ ಕೊಡಗಿನ ಅಜ್ಜಿ ರೊಟೊಕಾಸಿನ ಇಡೀ ವರ್ಣಮಾಲೆಯನ್ನು ಎರಡು ಧ್ವನಿಯಿಂದ ಸೋಲಿಸಿರುತ್ತಾಳೆ. ಕನ್ನಡವನ್ನು ನಾಲ್ಕರಿಂದ! ಈ ಸ್ವರಗಳನ್ನು ಕಿವಿಯಿಟ್ಟು ಕೇಳಿ ವಿದ್ವತ್ ಲೋಕಕ್ಕೆ ತಿಳಿಸಿದವರಲ್ಲಿ ಕೆನಡಾದಲ್ಲಿ ಹುಟ್ಟಿದ ಮರ್ರೆ ಎಮೆನೋ ಒಬ್ಬರು. 1935ರಿಂದ 1938ರ ತನಕ ಭಾರತದಲ್ಲಿದ್ದು ಕೊಡವ ತಕ್ಕ್, ತೋಡ, ಕೋತ, ಬಡಗ, ಕೊಲಾಮಿಗಳನ್ನು ಬರೆದುಕೊಂಡು ಹೋದರು. ಮೂರು ವರ್ಷಕ್ಕೆ ಐದು ಭಾಷೆ. ಆ ಟಿಪ್ಪಣಿಗಳನ್ನು ದಶಕಗಳ ಕಾಲ ಬಿಡಿಸುತ್ತ, 101 ವರ್ಷ ಬದುಕಿದರು.

ಹಾಕಿಯ ಮಾತು ಬಂದದ್ದರಿಂದ ಇನ್ನೊಂದು ಲೆಕ್ಕ ಬಿಟ್ಟು ಮುಂದೆ ಹೋಗಲಾರೆ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಶುರುವಾದಾಗ ಬಂದದ್ದು 60 ಒಕ್ಕಗಳ ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ, ಗಿನ್ನೆಸ್ ದಾಖಲೆ. ಮೈದಾನಕ್ಕೆ ಇಳಿಯುವ ಹನ್ನೊಂದೇ ಜನರನ್ನು ಎಣಿಸಿದರೂ 3,960 ಆಟಗಾರರು. ರೊಟೊಕಾಸ್ ಭಾಷೆಯನ್ನಾಡುವ ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಸೇರಿ ಹೆಚ್ಚುಕಡಿಮೆ ಅಷ್ಟೇ.

ಈಗ ಸ್ವಲ್ಪ ಕಷ್ಟದ ಅಂಕಿಗಳು. ಜನಗಣತಿಯಲ್ಲಿ ಕೊಡವ ತಕ್ಕ್ 1971ರಲ್ಲಿ 72,085 ಇತ್ತು. 1991ರಲ್ಲಿ 97,011. 2001ರಲ್ಲಿ ಒಮ್ಮೆಗೇ 1,66,187. ಆಮೇಲೆ 2011ರ 1,13,857. ಹತ್ತು ವರ್ಷದಲ್ಲಿ 52,330 ಇಳಿತ, ದಿನಕ್ಕೆ 14. ಒಂದು ಗಂಟೆ ನಲವತ್ತು ನಿಮಿಷಕ್ಕೆ ಒಬ್ಬರು: ಮಡಿಕೇರಿಯಲ್ಲಿ ಬಸ್ಸು ಹತ್ತಿ ಹುಣಸೂರಿನಲ್ಲಿ ಇಳಿಯುವಷ್ಟರಲ್ಲಿ ಪಟ್ಟಿಯಿಂದ ಒಂದು ಹೆಸರು ಮಾಯ. ಆದರೆ ಅದರ ಹಿಂದಿನ ಹತ್ತು ವರ್ಷದಲ್ಲಿ ದಿನಕ್ಕೆ 19 ಜನ ಹೆಚ್ಚಿದ್ದರಲ್ಲ! ಅಷ್ಟು ತೊಟ್ಟಿಲು ತೂಗಿರಲಿಲ್ಲ, ಆಮೇಲೆ ಅಷ್ಟು ಸಾವೂ ಆಗಲಿಲ್ಲ. ಮನೆಬಾಗಿಲಲ್ಲಿ ಗಣತಿಯವರು ಕೇಳಿದ ಒಂದು ಪ್ರಶ್ನೆಗೆ ಏನು ಉತ್ತರ ಬಂತು, ಅದನ್ನು ಯಾವ ಸಾಲಿನಲ್ಲಿ ಬರೆದರು ಎನ್ನುವುದರ ಮೇಲೆ ಐವತ್ತು ಸಾವಿರ, ಎಪ್ಪತ್ತು ಸಾವಿರ ಜನ ಒಂದು ಭಾಷೆಗೆ ಬರಬಹುದು, ಹೋಗಬಹುದು. ಯುನೆಸ್ಕೊದ ಅಪಾಯದಂಚಿನ ಭಾಷೆಗಳ ಭೂಪಟದಲ್ಲಿ ಕೊಡವ ತಕ್ಕಿನ ಹೆಸರಿದೆ ಎನ್ನುವುದನ್ನು ನಾನು ಹಗುರಾಗಿ ಹೇಳುತ್ತಿಲ್ಲ. ಅದಕ್ಕೇ ಅಂಕಿಯನ್ನು ಎಚ್ಚರದಿಂದ ಓದಬೇಕು.

ಬರೆಯುವ ಸಾಲಿನ ಮಹಿಮೆ ನೋಡಿ. 2011ರಲ್ಲಿ ಭಾರತದವರು ತಮ್ಮ ಮಾತೃಭಾಷೆ ಎಂದು ಕೊಟ್ಟ ಹೆಸರುಗಳು 19,569. ಸೆಕೆಂಡಿಗೊಂದರಂತೆ ಕೂಗಿ ಓದಿದರೆ ಐದೂವರೆ ಗಂಟೆ ಬೇಕು. ಸೋಸಿದಾಗ ಉಳಿದದ್ದು 1,369, ಸುಮಾರು 23 ನಿಮಿಷ. ಅವನ್ನೂ ಗುಂಪು ಮಾಡಿ ಭಾಷೆ ಎಂದು ಪ್ರಕಟಿಸಿದ್ದು 121. ಎರಡು ನಿಮಿಷಕ್ಕೆ ಓದಿ ಮುಗಿಸಬಹುದು! ದೇಶದಲ್ಲಿ 10,000 ಜನರಿಲ್ಲದ ಭಾಷೆಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಈ ನಿಯಮವನ್ನು ಪಪುವಾಕ್ಕೆ ಒಯ್ದರೆ 840ರ ಬಹುಪಾಲು ಒಂದು ಮಧ್ಯಾಹ್ನದಲ್ಲಿ ಖಾಲಿ. ಕೊಡಗಿನಲ್ಲೇ ನೋಡಿ: ಯರವ ಮಾತು ಮಲಯಾಳದ ಕೆಳಗೆ ಸೇರಿದೆ, ಕುರುಬ ಮಾತು ಕನ್ನಡದ ಕೆಳಗೆ. ಜೇನು ಕುರುಬರ ಹಾಡಿಯಲ್ಲಿ ಆಡುವ ಮಾತು 4.37 ಕೋಟಿಯ ಸಾಗರದೊಳಗೆ ಎಲ್ಲೋ ಒಂದು ಬೊಗಸೆ ನೀರು. ನನಗೆ ಇದು ಸರಿಯೆನಿಸುವುದಿಲ್ಲ. ಕೊಡವ ತಕ್ಕಿಗೆ ತನ್ನದೇ ಸಾಲು ಸಿಕ್ಕಿದೆ, 1994ರಿಂದ ಅಕಾಡೆಮಿ ಇದೆ, 1924ರಲ್ಲೇ ನಡಿಕೇರಿಯಂಡ ಚಿಣ್ಣಪ್ಪ ಜನಪದ ಹಾಡುಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ 'ಪಟ್ಟೋಲೆ ಪಳಮೆ' ಇದೆ. ಯರವರ ಹಾಡುಗಳಿಗೆ ಅಂಥ ನೂರು ವರ್ಷದ ಪುಸ್ತಕವಿಲ್ಲ.

ಆದರೆ ಭಾಷೆ ಇರುವುದು ಪಟ್ಟಿಯಲ್ಲಲ್ಲ, ಬಾಯಲ್ಲಿ. ಬಾಯಿಯ ಲೆಕ್ಕ ಶುರು ಮಾಡಿದರೆ ತಲೆ ಗಿರ್ರೆನ್ನುತ್ತದೆ. ಅಮೆರಿಕ ಮತ್ತು ಮೆಕ್ಸಿಕೊದ ವಿದ್ಯಾರ್ಥಿಗಳ ಮಾತನ್ನು ಧ್ವನಿಮುದ್ರಿಸಿ ನೋಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮನುಷ್ಯ ದಿನಕ್ಕೆ ಸುಮಾರು 16,000 ಪದ ಆಡುತ್ತಾನೆ. ಹೆಣ್ಣಾಗಲಿ ಗಂಡಾಗಲಿ ಹೆಚ್ಚು ವ್ಯತ್ಯಾಸವಿಲ್ಲ. ಪದಕ್ಕೆ ಪ್ರತ್ಯಯ ಅಂಟಿಸುವ ನಮ್ಮ ಭಾಷೆಗಳಲ್ಲಿ ಇದು ತುಸು ಇಳಿದೀತು. ಮೂರು ಭಾಷೆ ಬಲ್ಲವರು ಮಾತನ್ನು ಮೂರಕ್ಕೂ ಹಂಚುತ್ತಾರೆ. ಅಳತೆಗೋಲು ಒಂದೇ ಇರಲೆಂದು ಎಲ್ಲರಿಗೂ 16,000ವನ್ನೇ ಇಟ್ಟುಕೊಳ್ಳುತ್ತೇನೆ.

ಗಾಪುನ್‌ನ 50 ಜನ ದಿನಕ್ಕೆ ಎಂಟು ಲಕ್ಷ ಪದ. ಮಹಾಭಾರತದಲ್ಲಿ ಇರುವುದು ಸುಮಾರು 18 ಲಕ್ಷ ಪದ. ಅಂದರೆ ಆನೆಗಿಂತ ಹಗುರವಾದ ಆ ಭಾಷೆ ಎರಡೂಕಾಲು ದಿನಕ್ಕೊಂದು ಮಹಾಭಾರತ ಆಡಿ ಮುಗಿಸುತ್ತದೆ! ವ್ಯಾಸರು ಹೇಳುತ್ತ ಗಣಪತಿ ಬರೆಯುತ್ತ ಕೂತ ಕಾವ್ಯದಷ್ಟು ಮಾತು, ಭಾನುವಾರ ಬೆಳಿಗ್ಗೆ ಶುರುವಾಗಿ ಮಂಗಳವಾರದ ಹೊತ್ತಿಗೆ, ಮೀನು, ಮಳೆ, ನೆರೆಮನೆಯ ಜಗಳದಲ್ಲೇ ಸಂದುಹೋಗುತ್ತದೆ. ಕೊಮ್ನ್‌ಜೊ ದಿನಕ್ಕೆ ಎರಡು ಮಹಾಭಾರತ. ಕೊಡವ ತಕ್ಕ್ ದಿನಕ್ಕೆ 182 ಕೋಟಿ ಪದ: ಒಂದು ಸಾವಿರಕ್ಕೂ ಹೆಚ್ಚು ಮಹಾಭಾರತ, ಪ್ರತಿದಿನ, ಕಾಫಿ ಕೊಯ್ಲಿನ ದಿನವೂ ಪುತ್ತರಿ ಹಬ್ಬದ ದಿನವೂ. ಕನ್ನಡ ದಿನಕ್ಕೆ 69,930 ಕೋಟಿ ಪದ. 3.88 ಲಕ್ಷ ಮಹಾಭಾರತ. ಸೆಕೆಂಡಿಗೆ ನಾಲ್ಕೂವರೆ! ಈ ವಾಕ್ಯ ಓದುವಷ್ಟರಲ್ಲಿ ಹತ್ತಿಪ್ಪತ್ತು ಕುರುಕ್ಷೇತ್ರ ಮುಗಿದಿವೆ.

ಇದನ್ನೆಲ್ಲ ಬರೆದು ಪೇರಿಸಿದರೆ? ಪುಟಕ್ಕೆ 300 ಪದ, ಹಾಳೆಯ ಎರಡೂ ಮಗ್ಗುಲು, ಹಾಳೆಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು. ತಾಯಪ್ಪಿನ ಒಂದು ದಿನ 13 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ವರ್ಷಕ್ಕೆ 48 ಮೀಟರ್; ಕಾಫಿ ತೋಟದ ನೆರಳಿನ ಮರಗಳೆಲ್ಲ ಅದರ ಕೆಳಗೆ. ಕೊಡವ ತಕ್ಕಿನ ಒಂದು ದಿನ 300 ಮೀಟರ್. ಆರು ದಿನಕ್ಕೆ ಕೊಡಗಿನ ಅತಿ ಎತ್ತರದ ತಡಿಯಂಡಮೋಳ್‌ನ 1,748 ಮೀಟರನ್ನು ದಾಟುತ್ತದೆ. ಒಂದು ತಿಂಗಳಿಗೆ ಎವರೆಸ್ಟನ್ನು ಮೀರುತ್ತದೆ. ಒಂದು ವರ್ಷಕ್ಕೆ 110 ಕಿಲೋಮೀಟರ್. 100ಕ್ಕೆ ಬಾಹ್ಯಾಕಾಶ ಶುರು. ಕ್ರೀಡಾಂಗಣದಲ್ಲಿ ಕುರ್ಚಿ ಮಿಗಿಸಿದ ಭಾಷೆ ವರ್ಷಕ್ಕೊಮ್ಮೆ ವಾತಾವರಣ ತೂರಿ ಹೊರಬರುತ್ತದೆ. ಕನ್ನಡ ಅದನ್ನು ಒಂದೇ ದಿನದಲ್ಲಿ ಮಾಡುತ್ತದೆ, 116 ಕಿಲೋಮೀಟರ್, ಒಂಬತ್ತು ವರ್ಷಕ್ಕೆ ಚಂದ್ರನನ್ನು ಮುಟ್ಟುತ್ತದೆ.

ಇಷ್ಟು ಹೊತ್ತು ಬದುಕಿರುವವರನ್ನು ಮಾತ್ರ ಎಣಿಸಿದೆ. ಸತ್ತವರನ್ನೂ ಎಣಿಸಿದರೆ?

ಕನ್ನಡದಲ್ಲಿ ತಾಯಿ ಎಂದರೆ ಹೆತ್ತವಳು. ಕೊಡವ ತಕ್ಕಿನಲ್ಲಿ ಹೆತ್ತವಳು ಅವ್ವ. ತಾಯಿ ಎಂದರೆ ಅಜ್ಜಿ. ಒಂದು ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲಮನೆಯ, ಮುಂದೆ ಒಬ್ಬ ತಾಯಿಯನ್ನು ನಿಲ್ಲಿಸಿ. ಅವಳ ಪಕ್ಕದಲ್ಲಿ ಅವಳ ಅವ್ವ, ಅವಳ ಪಕ್ಕದಲ್ಲಿ ಅವಳ ಅವ್ವ, ಹೀಗೆ ಹಿಂದಕ್ಕೆ. 2018ರ ಒಂದು ಅಧ್ಯಯನ ದ್ರಾವಿಡ ಭಾಷಾ ಕುಟುಂಬದ ವಯಸ್ಸನ್ನು ಸುಮಾರು 4,500 ವರ್ಷ ಎಂದು ಅಂದಾಜು ಮಾಡಿದೆ. ತಲೆಮಾರಿಗೆ 25 ವರ್ಷ ಎಂದರೆ ಸಾಲಿನಲ್ಲಿ ಕೇವಲ 180 ಹೆಂಗಸರು. 270 ಮೀಟರ್! ಐನ್‌ಮನೆಯ ಅಂಗಳದಿಂದ ಗದ್ದೆಯ ಏರಿಯವರೆಗೆ. ಆ ತುದಿಯಲ್ಲಿ ನಿಂತವಳ ಮಾತು ಕನ್ನಡವೂ ಅಲ್ಲ, ತಮಿಳೂ ಅಲ್ಲ, ಕೊಡವ ತಕ್ಕೂ ಅಲ್ಲ, ಮೂರಕ್ಕೂ ಅಜ್ಜಿ. ಈ ತುದಿಯಿಂದ ಕೂಗಿದರೆ ಅವಳಿಗೆ ಕೇಳಿಸುತ್ತದೆ.

ಅವರೊಬ್ಬೊಬ್ಬರೂ ಮಾತು ಕಲಿತ ಮೇಲೆ 60 ವರ್ಷ ಬದುಕಿದರು ಎಂದು ಧಾರಾಳವಾಗಿ ಹಿಡಿದರೆ ಒಬ್ಬಳ ಜೀವಮಾನದ ಮಾತು 35 ಕೋಟಿ ಪದ. 180 ಜನರದ್ದು ಸೇರಿ 6,307 ಕೋಟಿ. ಒಂದೇ ಮನೆಯ ಒಂದೇ ಹೆಣ್ಣು ಸಾಲಿನ ಮಾತು 35,000 ಮಹಾಭಾರತ, ಪೇರಿಸಿದರೆ ಹತ್ತೂವರೆ ಕಿಲೋಮೀಟರ್ ಎತ್ತರ. ವಿಮಾನಗಳು ಹಾರುವ ಎತ್ತರ ಅದು.

ಇದೇ ಸಾಲನ್ನು ಗಾಪುನ್‌ನಲ್ಲಿ ಒಬ್ಬ ಅಜ್ಜಿಯ ಮನೆಮುಂದೆ ಕಟ್ಟಿ. ನ್ಯೂಗಿನಿಯಲ್ಲಿ ಮನುಷ್ಯರು ನೆಲೆಸಿ ಸುಮಾರು 50,000 ವರ್ಷ. 25ರಿಂದ ಭಾಗಿಸಿದರೆ 2,000 ತಲೆಮಾರು, ಮೂರು ಕಿಲೋಮೀಟರ್ ಉದ್ದದ ಸಾಲು. ಸಾಲಿನುದ್ದಕ್ಕೂ ಭಾಷೆ ಅದೆಷ್ಟು ಸಲ ಬದಲಾಯಿತೋ, ಒಬ್ಬ ಅವ್ವನೂ ತನ್ನ ಮಗಳಿಗೆ ಮಾತು ಕಲಿಸದೆ ಹೋಗಿಲ್ಲ. ಅವರೆಲ್ಲರ ಜೀವಮಾನದ ಮಾತು ಸೇರಿಸಿದೆ: 70,080 ಕೋಟಿ ಪದ. ಈ ಅಂಕಿಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿ ಹಿಂದಿನ ಹಾಳೆ ತಿರುಗಿಸಿದೆ. ಕನ್ನಡದ ಒಂದು ದಿನ: 69,930 ಕೋಟಿ.

ಮತ್ತೆ ಕೂಡಿದೆ, ಮತ್ತೆ ಗುಣಿಸಿದೆ. ಸರಿಯಿದೆ. 50,000 ವರ್ಷ ಒಬ್ಬರ ಹಿಂದೆ ಒಬ್ಬರು ನಿಂತು 2,000 ಹೆಂಗಸರು ಆಡಿದ್ದನ್ನು ನಾವು ಇವತ್ತು ಬೆಳಗಿನಿಂದ ರಾತ್ರಿಯೊಳಗೆ ಆಡಿ ಮುಗಿಸಿದ್ದೇವೆ. ಅಷ್ಟಾಗಿಯೂ ಸುಮಾರು 150 ಕೋಟಿ ಪದಗಳಿಂದ ಮುಂದಿರುವವರು ಅವರೇ. ಆ ಅಂತರ ತುಂಬಲು ಕನ್ನಡಕ್ಕೆ ಮೂರು ನಿಮಿಷ ಸಾಕು. ಕೊಡವ ತಕ್ಕಿಗೆ ಇಪ್ಪತ್ತು ಗಂಟೆ ಬೇಕು. ಈಗ ಗಾಪುನ್‌ನಲ್ಲಿ ಉಳಿದಿರುವವರಿಗೆ, ಅವರು 50 ಜನ ಇದ್ದಾರೆ ಎಂದು ಹಿಡಿದು, ಐದು ವರ್ಷ ಒಂದೂವರೆ ತಿಂಗಳು.